ಆಯ್ ಹೋದ ಅರ್ಜಿ

ಉತ್ತರಪತ್ರಿಕೆಗಳ ಹನ್ನೊಂದನೆಯ ಕಟ್ಟನ್ನು ದಬ್ಬಣದಿಂದ ಹೊಲಿಯುತ್ತಿದ್ದ ಗುಮಾಸ್ತ ಸುಬ್ಬಕೃಷ್ಣನ ಮೇಲೆ ಮುಖ್ಯೋಪಾಧ್ಯಾಯ ಮಂಜುನಾಥಪ್ಪನವರ ನೆರಳು ಬಿತ್ತು.

“ಏನ್ರೀ, ವರ್ಗಾವಣೆ ಅರ್ಜಿಗೆ ಇವತ್ತು ನಾಲ್ಕು ಗಂಟೆಗೆ ಕೊನೆ. ಈ ವರ್ಷಾನೂ ಉಪ್ಪಿನಕಾಯಿ ಹಾಕಿ ಇಡ್ತೀರಾ?”

ದಬ್ಬಣ ಹೆಬ್ಬೆರಳಿಗೆ ಚುಚ್ಚಿತು.

ಊರೂರಲ್ಲಿ ಶಾಲೆ ನಡೆಸುವ ಖಾಸಗಿ ಸಂಸ್ಥೆಯೊಂದರ ತೀರ್ಥಹಳ್ಳಿ ಶಾಲೆಗೆ ಅವನು ಬಂದು ನಾಲ್ಕು ವರ್ಷ. ಮನೆ ಸಾಗರದಲ್ಲಿ. ಅವನ ತಾಯಿ, ಅವನ ಬಾಯಲ್ಲಿ ಆಯಿ, ಭಜನಾ ಮಂಡಳಿ ಬಿಟ್ಟು ಸಾಗರದಿಂದ ಕದಲುವವಳಲ್ಲ. ಅತ್ತೆಯನ್ನು ಬಿಟ್ಟು ಹೆಂಡತಿ ಸೌಜನ್ಯ ಬರುವವಳಲ್ಲ. ಮಗಳು ಸಮೀಕ್ಷಾ ಭಾನುವಾರಕ್ಕೆ ‘ಅಪ್ಪ’ ಎಂದೇ ಹೆಸರಿಟ್ಟಿದ್ದಳು. “ನಾಳೆ ಅಪ್ಪನಾ?” ಎಂದು ಶನಿವಾರ ಕೇಳುವಳು. ಸೋಮವಾರ ಅವಳು ಏಳುವ ಮೊದಲೇ ಇವನು ಹೊಸನಗರದ ಬಸ್ಸಿನಲ್ಲಿ ತೂಕಡಿಸುತ್ತಿರುವನು. ಒಂದೇ ಒಂದು ಬುಧವಾರ ಅವಳಿಗೆ ಎರಡು ಜಡೆ ಹಾಕಿ ಶಾಲೆಗೆ ಬಿಟ್ಟು ಬರಬೇಕು: ಅಷ್ಟೇ ಅವನ ಆಸೆ.

ಅರ್ಜಿಯೇನೋ ಮೂರು ವರ್ಷದಿಂದ ಶಾಲೆಯ ಕಂಪ್ಯೂಟರಿನಲ್ಲಿ ಸಿದ್ಧವಿತ್ತು. ಮೊದಲ ವರ್ಷ ಟೈಪಿಸ್ಟ್ ಕಾಮಾಕ್ಷಮ್ಮ ಅದರ ಮೇಲೆಯೇ ವಾರ್ಷಿಕೋತ್ಸವದ ಕರೆಯೋಲೆ ಟೈಪು ಮಾಡಿಬಿಟ್ಟರು. ಮರುವರ್ಷ ಇನ್ಯಾರೋ ಅಳಿಸಿದರು. ಹೋದ ವರ್ಷ ಮತ್ತೆ ಟೈಪು ಮಾಡುವಷ್ಟರಲ್ಲಿ ಗಡುವು ದಾಟಿತ್ತು; ಆಮೇಲೆ ಹೊಸನಗರದ ಕಂಪ್ಯೂಟರ್ ರಿಪೇರಿಯ ಪೂರ್ಣೇಶ ಬಂದಾಗ, “ಇದನ್ನ ಯಾರೂ ಮುಟ್ಟದ ಹಾಂಗೆ ಮಾಡಾ” ಎಂದು ಸುಬ್ಬಕೃಷ್ಣ ಕೈಮುಗಿದ. ಶಾಲೆಯದು ಲಿನಕ್ಸ್ ಕಂಪ್ಯೂಟರ್; ಇಂಥ ಕೆಲಸಕ್ಕೆ ಅದಕ್ಕೆ ಇಂಗ್ಲಿಷ್ ಆಜ್ಞೆಗಳನ್ನು ಟೈಪು ಮಾಡಬೇಕು. ಪೂರ್ಣೇಶ ಅದೇನೋ ಗುರುತು ಹಾಕಿ ಹೋದ. ಅಂದಿನಿಂದ ಯಾರಿಗೂ ಮುಟ್ಟಲಾಗಲಿಲ್ಲ, ಸುಬ್ಬಕೃಷ್ಣನನ್ನೂ ಸೇರಿಸಿ.

ಈಗ ಇಸವಿ ತಿದ್ದಲು ಹೋದರೆ ಪರದೆ ‘ಅನುಮತಿ ಇಲ್ಲ’ ಎಂದಿತು. ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೂ ಅದೇ ಮಾತು. ಫೈಲು ಜಾತಕ ಕೂಡಿಬಾರದ ಬೀಗರಂತೆ ಬಿಗಿದು ಕೂತಿತ್ತು. ಬೇರೆ ಹೆಸರಿನಲ್ಲಿ ನಕಲು ಮಾಡಬಹುದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೂರು ಗಂಟೆಗೆ ಪೂರ್ಣೇಶ ಫೋನಿಗೆ ಸಿಕ್ಕಿದ. ಇಬ್ಬರದೂ ಒಂದೇ ಮನೆಮಾತು. ಗುರುತು ತೆಗೆಯುವ ‘sudo chattr -i’ ಎಂಬ ಆಜ್ಞೆಯನ್ನು ಪೂರ್ಣೇಶ ತುಂಡುತುಂಡಾಗಿ ಹೇಳಿದ; ಲೈನು ಕೊರಕೊರ ಅನ್ನುತ್ತಿದ್ದರಿಂದ ಸುಬ್ಬಕೃಷ್ಣ ಕೂಗಿಯೇ ಮಾತಾಡಿದ.

“ಎಂತ ಬರೆಯವು ಹೇಳಾ! ಸುಡೋ... ಹ್ಞಾ, ಸುಡೋ! ಆಮೇಲೆ? ಚಟ್ಟರ್... ಚಟ್ಟ ಆತು, ಮುಂದೆ? ಆಯ್? ಆಯ್ ಹೋದ್ರೆ ಎಲ್ಲ ಸರಿ ಆಗ್ತು ಹೇಳ್ತ್ಯಾ?”

ಪಕ್ಕದ ಕೋಣೆಯಲ್ಲಿ ಟೈಪು ಮಾಡುತ್ತಿದ್ದ ಕಾಮಾಕ್ಷಮ್ಮನ ಬೆರಳುಗಳು ನಿಂತವು. ಸುಡೋದು. ಚಟ್ಟ. ಆಯಿ.

ಸುಬ್ಬಕೃಷ್ಣ ಕೊನೆಯ ಕೀಲಿ ಒತ್ತಿದ. ಫೈಲಿನ ‘ಐ’ ಎಂಬ ಆ ಗುರುತು, ಅವನ ಬಾಯಲ್ಲಿ ‘ಆಯ್’, ಕಳಚಿತು. ಇಸವಿ ತಿದ್ದಿದ; ತಿದ್ದಿಸಿಕೊಂಡಿತು!

“ಹೋತು ಪೂರ್ಣೇಶಾ, ಆಯ್ ಹೋತು!” ಎಂದವನೇ ಮುಖ ಮುಚ್ಚಿಕೊಂಡು ಕುರ್ಚಿಗೆ ಕುಸಿದ.

ಅವನ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು ಬಂತು, ಅದು ಹೋತು’ ಎಂದೇ ಅನ್ನುವುದು. ಅದು ಕಾಮಾಕ್ಷಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಎಡವಟ್ಟಾಯಿತು.

ಸುಬ್ಬಕೃಷ್ಣ ಸೌಜನ್ಯಳಿಗೆ ಸುದ್ದಿ ಹೇಳಲು ಮೊಬೈಲ್ ಹಿಡಿದು, ಸಿಗ್ನಲ್ ಸಿಗುವ ಆಟದ ಮೈದಾನದ ಕೊನೆಗೆ ಓಡಿದ. ಆ ಕಡೆ ಫೋನು ಮಗಳ ಕೈಗೆ ಹೋಯಿತು. “ಇನ್ನು ದಿನಾ ಅಪ್ಪನಾ?” ಎಂದಳು. ಅವನು ತೋಳಿನಿಂದ ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಕಾಮಾಕ್ಷಮ್ಮ ಸುದ್ದಿ ಮುಟ್ಟಿಸಿ ಮುಖ್ಯೋಪಾಧ್ಯಾಯರನ್ನು ಕರೆತಂದಿದ್ದರು; ಕಿಟಕಿಯಲ್ಲಿ ಎರಡು ತಲೆಗಳಿದ್ದವು.

“ನೋಡಿ ಸರ್, ಹೆಂಗೆ ಅಳ್ತಾ ಇದಾರೆ ಪಾಪ,” ಎಂದರು ಕಾಮಾಕ್ಷಮ್ಮ. “ಇನ್ನು ಅರ್ಜಿ ಕಳ್ಸೋ ಸ್ಥಿತೀಲಿ ಇದಾರಾ? ನಾವೇ ಕಳ್ಸಿಬಿಡಣ.”

ತೆರೆದೇ ಇದ್ದ ಅರ್ಜಿಯನ್ನು ಮಂಜುನಾಥಪ್ಪ ಓದಿದರು. “‘ವೃದ್ಧ ತಾಯಿಯ ಆರೈಕೆಗಾಗಿ’ ಅಂತ ಇದೆಯಲ್ರೀ! ತೀರಿಹೋದವರ ಹೆಸರಲ್ಲಿ ವರ್ಗ ಕೇಳಿದ ಅಂತ ನಾಳೆ ಇವನ ನೌಕರಿಗೇ ಸಂಚಕಾರ ಬರ್ತದೆ.”

“ಹೌದಲ್ಲ! ಆಯಿಗೋಸ್ಕರ ತಾನೇ ಹೆಂಡ್ತಿ ಮಗು ಅಲ್ಲಿದ್ದಿದ್ದು? ಇನ್ನು ಇಲ್ಲಿಗೇ ಬರ್ತಾರೆ. ಈಗ ಇವರನ್ನ ಅಲ್ಲಿಗೆ ಹಾಕಿದ್ರೆ ಮತ್ತೆ ಆ ಕಡೆ ಈ ಕಡೆ.”

“ಸುಮ್ನಿದ್ರೆ ಕೇಂದ್ರ ಕಚೇರಿಯವರು ಎಲ್ಲಿಗೆ ಎಸೀತಾರೋ! ಸರಿಯಾಗಿ ಬರೆದು ಕಳ್ಸಿ.”

ಫೈಲು ಈಗ ಯಾರು ತಿದ್ದಿದರೂ ತಿದ್ದಿಸಿಕೊಳ್ಳುತ್ತಿತ್ತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಸುಬ್ಬಕೃಷ್ಣ ಏದುಸಿರು ಬಿಡುತ್ತ ಒಳಬಂದ. ಕಾಮಾಕ್ಷಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಎದ್ದು ನಿಂತರು. ಮಂಜುನಾಥಪ್ಪ ಅವನ ಭುಜ ಹಿಡಿದರು. “ಧೈರ್ಯ ತಂದ್ಕೊಳ್ಳಿ. ನಿಮ್ಮ ಅರ್ಜಿ ಕಳ್ಸಾಯ್ತು.”

“ಕಳ್ಸಾಯ್ತಾ ಸರ್?” ಮೂರು ವರ್ಷದ ಉಸಿರು ಒಮ್ಮೆಲೇ ಹೊರಬಂತು. ಅವರ ಕಾಲಿಗೆ ಬಗ್ಗಿದವನು ಏಳುವಾಗ ಪರದೆ ನೋಡಿದ. ಮೇಲೆ ‘ಕಳುಹಿಸಲಾಗಿದೆ’ ಎಂದಿತ್ತು. ಕೆಳಗೆ ಅವನದೇ ಹೆಸರಿನಲ್ಲಿ, ಒಂದೂ ತಪ್ಪಿಲ್ಲದ ಕನ್ನಡದಲ್ಲಿ:

‘ನನ್ನ ತಾಯಿಯವರು ಈ ದಿನ ದೈವಾಧೀನರಾದ ಕಾರಣ ಸಾಗರಕ್ಕೆ ವರ್ಗಾವಣೆಯ ಅಗತ್ಯ ಉಳಿದಿರುವುದಿಲ್ಲ. ನಿವೃತ್ತಿಯವರೆಗೂ ನನ್ನನ್ನು ತೀರ್ಥಹಳ್ಳಿಯಲ್ಲೇ ಮುಂದುವರಿಸಬೇಕಾಗಿ ಪ್ರಾರ್ಥನೆ.’