ಕಾಕಾನ ಕಂಪ್ಯೂಟರ್ ಕೋಣೆ

ಮಕ್ಕಳ ದಾರಿ ತಪ್ಪಿಸುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವ ಮಾಸ್ತರು ಚಿತ್ತಾಪುರ ತಾಲೂಕಿನಲ್ಲೇ ಇಲ್ಲ! ಇದು ಚಾಡಿಯಲ್ಲ, ಲೆಕ್ಕ. ಬಿ.ಎಡ್. ತರಬೇತಿಗೆ ದಂಡೋತಿ ಕಡೆಯ ಅವರ ಶಾಲೆಗೇ ಹೋಗಿದ್ದ ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಕಾಕಾ ಗಣಿತದವರು. ಕಂಪ್ಯೂಟರ್ ಕೋಣೆಯ ಕೀಲಿ ಅವರಿಗೆ ಸಿಕ್ಕಿದ್ದು ಉಳಿದವರೆಲ್ಲ ಕೈ ಹಿಂದೆ ಕಟ್ಟಿಕೊಂಡಿದ್ದರಿಂದ. ಇದ್ದದ್ದು ಆರು ಹಳೆಯ ಕಂಪ್ಯೂಟರ್. ಎಲ್ಲದರಲ್ಲೂ ಬಿಟ್ಟಿ ಸಿಗುವ ಉಬುಂಟು ಎಂಬ ತಂತ್ರಾಂಶ. ಪುಸ್ತಕದ ಚಿತ್ರಗಳಲ್ಲೆಲ್ಲ ವಿಂಡೋಸ್! ಬೇರೆಯವರಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಕಾಕಾ ಏನು ಮಾಡಿದರು ಗೊತ್ತೇ? ಪ್ರತಿ ಸೋಮವಾರ ಮಕ್ಕಳಿಗಿಂತ ಮೊದಲೇ ಬಂದು, ಪರದೆಯ ಮೇಲಿನ ಗುಂಡಿಗಳ ಜಾಗವನ್ನೆಲ್ಲ ಅದಲುಬದಲು ಮಾಡಿಡತೊಡಗಿದರು.

"ಸರ್, ಹೋದ ವಾರ ಇದು ಎಡಕ್ಕಿತ್ರಿ!"

"ವಾಡಿ ಸ್ಟೇಷನ್ನಾಗ ಎಲ್ಲಾ ರೈಲು ಒಂದೇ ಪ್ಲಾಟ್‌ಫಾರ್ಮಿಗೆ ಬರ್ತಾವೇನು? ಹುಡುಕ್ರಿ!"

ಒಂದು ತಿಂಗಳಲ್ಲಿ "ಹುಡುಕ್ರಿ" ಎಂದದ್ದು ನೂರ ಹನ್ನೆರಡು ಸಲ. ಉತ್ತರ ಹೇಳಿಕೊಟ್ಟದ್ದು ಸೊನ್ನೆ!

ಕರೆಂಟ್ ಹೋದರೆ ಪಾಠ ನಿಲ್ಲುತ್ತದೆಯೇ? ಅಂಗಳದಲ್ಲಿ ಸೀಮೆಸುಣ್ಣದಿಂದ ಕಾಕಾ ದೊಡ್ಡ ಕೀಬೋರ್ಡ್ ಬರೆಯುತ್ತಿದ್ದರು; ಮಕ್ಕಳು ಅಕ್ಷರದಿಂದ ಅಕ್ಷರಕ್ಕೆ ಜಿಗಿದು ಹೆಸರು ಟೈಪ್ ಮಾಡಬೇಕು. ಹೆಡ್‌ಮಾಸ್ತರು ಒಮ್ಮೆ ಅದರ ಮೇಲೆ ನಿಂತು ಯಾರನ್ನೋ ಗದರಿಸತೊಡಗಿದರು.

"ಸ್ವಲ್ಪ ಸರೀರಿ ಸರ್," ಎಂದರು ಕಾಕಾ, "ಡಿಲೀಟ್ ಮ್ಯಾಲ ನಿಂತೀರಿ!"

ಅಷ್ಟರಲ್ಲಿ ಒಂದು ಪತ್ರ ಬಂತು. ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಗುರುವಾರ ತಪಾಸಣೆಗೆ ಬರುತ್ತಾರೆ. ಮಕ್ಕಳಿಗೆ ಏನೂ ಬಾರದಿದ್ದರೆ ಕಂಪ್ಯೂಟರುಗಳು ಪಟ್ಟಣದ ದೊಡ್ಡ ಶಾಲೆಗೆ ಹೋಗುತ್ತವೆ.

"ಪುಸ್ತಕದಾಗಿಂದು ಬಾಯಿಪಾಠ ಮಾಡಸ್ರಿ ಮಾರಾಯ್ರೇ!" ಎಂದು ಹೆಡ್‌ಮಾಸ್ತರು ಕೈಮುಗಿದರು. ಕಾಕಾ ಸೋಮವಾರ ಮತ್ತೆ ಗುಂಡಿಗಳನ್ನು ಅದಲುಬದಲು ಮಾಡಿದರು!

ಗುರುವಾರ ಸಾಹೇಬರು ತಮ್ಮದೇ ಲ್ಯಾಪ್‌ಟಾಪ್ ತೆರೆದಿಟ್ಟರು. ಅದರಲ್ಲಿ ವಿಂಡೋಸ್. ನಮ್ಮ ಮಕ್ಕಳು ಅದನ್ನು ಮುಟ್ಟಿಯೇ ಇರಲಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು, "ಒಂದು ರಜೆ ಅರ್ಜಿ ಬರದು ತೋರ್ಸವ್ವ" ಎಂದರು. ಕಾಕಾ ಬಾಗಿಲು ಹಿಡಿದು ನಿಂತಿದ್ದರು.

ಹುಡುಗಿ ಪರದೆಯ ನಾಲ್ಕೂ ಮೂಲೆ ನೋಡಿದಳು. ಎರಡು ಸಲ ತಪ್ಪಿದಳು. ಮೂರನೆಯ ಸಲ ಬಿಳಿ ಹಾಳೆ ತೆರೆಯಿತು. ಕನ್ನಡ ಅಕ್ಷರಗಳನ್ನೂ ತಾನೇ ಹುಡುಕಿಕೊಂಡಳು. ಸಾಹೇಬರು ಓದತೊಡಗಿದರು:

"ಮಾನ್ಯರೇ, ನಮ್ಮ ಸರ್‌ಗೆ ನಾಲ್ಕು ದಿನದಿಂದ ಜ್ವರ ಇದೆ. ಅವರು ಶಾಲೆಗೆ ಬರದಿದ್ದರೆ ಕಂಪ್ಯೂಟರ್ ಒಯ್ಯುತ್ತಾರೆಂದು ರಜೆ ಹಾಕಿಲ್ಲ. ಕಂಪ್ಯೂಟರ್ ಇಲ್ಲೇ ಇರಲಿ. ಸರ್‌ಗೆ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ."

ಕಾಕಾನೊಂದಿಗೆ ಒಂದೇ ಮನೆಯಲ್ಲಿ ಉಣ್ಣುತ್ತಿದ್ದ ನನಗೇ ಅದು ಗೊತ್ತಿರಲಿಲ್ಲ.

ಸಾಹೇಬರು ಎದ್ದು ಹೋಗಿ ಕಾಕಾನ ಹಣೆ ಮುಟ್ಟಿದರು. "ಮೈ ಸುಡ್ಲಿಕತ್ತದಲ್ರಿ ಮಾಸ್ತರೇ! ಮನಿಗೆ ನಡೀರಿ. ಕಂಪ್ಯೂಟರ್ ಎಲ್ಲಿಗೂ ಹೋಗಂಗಿಲ್ಲ."

ಕಾಕಾ ಹೊಸ್ತಿಲ ಮೇಲೆ ಹಾಗೇ ಕುಳಿತುಬಿಟ್ಟರು. ಹುಡುಗಿ ತನ್ನ ನೀರಿನ ಬಾಟಲಿಯನ್ನು ಮುಚ್ಚಳ ತೆಗೆದು ಅವರ ಕೈಗಿಟ್ಟಳು.