ರಾಯಭಾರ ಕಚೇರಿಯ ಕತ್ತರಿ

ನನ್ನ ಸೋದರಮಾವ ಎರಡು ದೇಶಗಳ ನಡುವೆ ಜಗಳ ಹಚ್ಚಿ ಸಂಬಳ ತರುತ್ತಿದ್ದರು ಅಂದರೆ ನೀವು ನಂಬಲಿಕ್ಕಿಲ್ಲ. ಆಗ ಮದರಾಸಿನಲ್ಲಿ ಕಡಲಾಚೆಯ ಒಂದು ದೇಶದ ರಾಯಭಾರದ ಶಾಖಾ ಕಚೇರಿ ಇತ್ತು. ಹೆಸರು ಬೇಡ, ಅದಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು! ಆ ದೇಶದ ಬಗ್ಗೆ ನಮ್ಮ ಪತ್ರಿಕೆಗಳು ಬರೆದ ಬೈಗುಳವನ್ನೆಲ್ಲ ಹುಡುಕಿ, ಕತ್ತರಿಸಿ, ಅಂಟಿಸಿ ಸಾಹೇಬರ ಮೇಜಿಗೆ ಇಡುವುದು ಮಾವನ ಕೆಲಸ. ಸಾಹೇಬರು ಅದನ್ನು ತಮ್ಮ ಸರಕಾರಕ್ಕೆ ಕಳಿಸುವರು, ಸರಕಾರ ದೆಹಲಿಗೆ ಪ್ರತಿಭಟನೆ ಸಲ್ಲಿಸುವುದು. ಆ ದೇಶಕ್ಕೆ ಸೈನ್ಯ ಇದೆ, ನೌಕಾಪಡೆ ಇದೆ, ಎರಡು ಕಾಲಂ ಸುದ್ದಿ ತಡೆದುಕೊಳ್ಳುವ ತಾಕತ್ತು ಮಾತ್ರ ಇಲ್ಲ!

ನಾನು ಆಗ ಮಾವನ ಮನೆಯಲ್ಲೇ ಇದ್ದೆ. ಮನೆಯ ಪೇಪರಿಗೂ ಅದೇ ಗತಿ. ನಮಗೆ ಸಿಗುವಾಗ ಇಲಿ ತಿಂದ ಹಾಗಿರುತ್ತಿತ್ತು. ಸೌಕಾರ್‌ಪೇಟೆಯ ಸೀರೆ ಜಾಹೀರಾತು ಹುಡುಕಿದ ಅತ್ತೆಗೆ ಸಿಕ್ಕಿದ್ದು ತೂತು.

"ಅದರ ಬೆನ್ನಿಗೆ ನಮ್ಮ ದೇಶದ ನಿಂದೆ ಇತ್ತು ಮಾರಾಯ್ತಿ" ಅಂದರು ಮಾವ.

"ನಮ್ಮ ದೇಶವಾ? ಯಾವಾಗಿಂದ?" ಅಂದರು ಅತ್ತೆ.

ವಡಪಳನಿಯಲ್ಲಿ ನಮ್ಮ ಊರಿನವರದ್ದೇ ಹೋಟೆಲು. ಅದರ ಯಜಮಾನರು, "ನಿಮ್ಮ ಸಾಹೇಬರ ದೇಶದಲ್ಲಿ ತೋಟಗಳಿಂದ ನಮ್ಮವರನ್ನು ಓಡಿಸ್ತಾರಂತಲ್ಲ, ಸುಡುಗಾಡು ಸರಕಾರ!" ಅಂದದ್ದೇ ತಡ, ಮಾವ ಇಡ್ಲಿ ಬಿಟ್ಟು ಎದ್ದರು.

"ಇದು ಸಾಹೇಬರಿಗೆ ತಿಳಿಸಬೇಕಾದ ಮಾತು."

"ಎಂತದು ಮಾರಾಯ್ರೆ, ನಾನೇನು ಪೇಪರಾ? ಕೂತು ಇಡ್ಲಿ ಮುಗಿಸಿ!"

ನಗುತ್ತಿದ್ದೆವು, ಚಿಕ್ಕ ಮಾವನ ಸರದಿ ಬರುವವರೆಗೆ. ಮಾವನ ತಮ್ಮ ಅವರು, ಅದೇ ದೇಶದಲ್ಲಿ ಮದರಾಸಿನ ಪತ್ರಿಕೆಯೊಂದರ ವರದಿಗಾರರು. ಹೊರದಬ್ಬಿದ ತೋಟದ ಕೂಲಿಗಳನ್ನು, ಬಾಣಂತಿಯರನ್ನೂ ಬಿಡದೆ, ಬಂದರಿನ ಬಿಸಿಲಲ್ಲಿ ನಿಲ್ಲಿಸಿದ್ದನ್ನು ಬರೆದರು. ಮಾವ ಆ ಪುಟ ಹಿಡಿದು ಬೆಳಿಗ್ಗೆಯೆಲ್ಲ ಕೂತರು.

"ಇದೊಂದು ಬಿಡಿ. ಅವನ ಅನ್ನ ಹೋಗ್ತದೆ" ಅಂತ ಅತ್ತೆ ಕೈಮುಗಿದರು.

"ಇಷ್ಟು ದಿನ ಬರೆದ ಉಳಿದವರು ಯಾರ ತಮ್ಮಂದಿರೂ ಅಲ್ಲವಾ?" ಅಂದವರೇ ಮಾವ ಕತ್ತರಿಸಿಬಿಟ್ಟರು. ಎಂಥ ನ್ಯಾಯವಪ್ಪ! ನನಗೆ ಮೈಯೆಲ್ಲ ಉರಿಯಿತು.

ಪ್ರತಿಭಟನೆ ಹೋಯಿತು. ದೆಹಲಿ ವಿಷಾದಿಸಿತು. ಎರಡೂ ಸರಕಾರಗಳು ಕೈಕುಲುಕಿ ಚಹಾ ಕುಡಿದವು. ಚಿಕ್ಕ ಮಾವನನ್ನು ಮಾತ್ರ ಹಡಗು ಹತ್ತಿಸಿದರು. ಸತ್ಯ ಬರೆದದ್ದಕ್ಕೆ ಬೆನ್ನು ತಟ್ಟಬೇಕಾದ ಪತ್ರಿಕೆಯೂ "ನಮಗ್ಯಾಕೆ ರಗಳೆ" ಅಂತ ಕೈಬಿಟ್ಟಿತು. ಥೂ!

ಬಂದರಿಗೆ ಮಾವನೊಟ್ಟಿಗೆ ನಾನೂ ಹೋಗಿದ್ದೆ. ಚಿಕ್ಕ ಮಾವ ಇಳಿದು ಬಂದವರು ನೇರ ಕೇಳಿದರು, "ಕತ್ತರಿಸಿ ಕೊಟ್ಟದ್ದು ನೀನೇ ಅಲ್ವಾ ಅಣ್ಣ?"

"ನಾನೇ."

"ಓದಿಯಾದರೂ ಕತ್ತರಿಸಿದ್ಯಾ?"

ಮಾವ ಜನಜಂಗುಳಿಯ ನಡುವೆ ನಿಂತು, ತಮ್ಮನ ವರದಿಯನ್ನು ಮೊದಲ ಸಾಲಿನಿಂದ ಬಾಯಿಪಾಠ ಹೇಳತೊಡಗಿದರು. ಒಂದು ಅಕ್ಷರ ತಪ್ಪಲಿಲ್ಲ. ಬಾಣಂತಿಯರ ಮಾತು ಬಂದಾಗ ಮುಂದೆ ಹೋಗದೆ ಅದೇ ಸಾಲನ್ನು ಮತ್ತೆ ಮತ್ತೆ ಹೇಳಿದರು.

ಮುಂದಿನ ಸಾಲನ್ನು ಚಿಕ್ಕ ಮಾವನೇ, ಅಣ್ಣನ ಕೈ ಹಿಡಿದುಕೊಂಡು, ಮೆಲ್ಲಗೆ ಹೇಳಿಕೊಟ್ಟರು.