ಹಲ್ಲಿನ ಡಾಕ್ಟರ ನಗುವನ್ನು ನೀಲಿ ಮಾಡಿದ ಕಾಡು ಬ್ಲೂಬೆರಿಯವರಿಗೆ

ಮಾನ್ಯ ಕಾಡು ಬ್ಲೂಬೆರಿಯವರೇ,

ಗಾತ್ರದಲ್ಲಿ ಕಾಳುಮೆಣಸಿಗಿಂತ ತುಸುವೇ ದೊಡ್ಡವರಾದರೂ ಪ್ರಭಾವದಲ್ಲಿ ಅಪಾರರಾದ ತಮಗೆ, ಅಕ್ಕನೊಡನೆ ಬೇಕರಿ ನಡೆಸುವ ನಾನು, ಇನ್ನೂ ನೇರಳೆಯಾಗಿಯೇ ಇರುವ ಎರಡೂ ಕೈ ಜೋಡಿಸಿ ಬಿನ್ನವಿಸಿಕೊಳ್ಳುವುದೇನೆಂದರೆ:

ಇಷ್ಟು ವರ್ಷ ನಮ್ಮಲ್ಲಿಗೆ ಬರುತ್ತಿದ್ದವರು ತಮ್ಮ ತೋಟದ ದಾಯಾದಿಗಳು. ದಪ್ಪಗೆ, ದುಂಡಗೆ, ಮೈಮೇಲೆ ಬೂದಿ ಸವರಿದಂಥ ಮೇಣ. ನೀಲಿಯೆಲ್ಲ ಸಿಪ್ಪೆಯಲ್ಲಿ, ಕತ್ತರಿಸಿದರೆ ಒಳಗೆ ಬಿಳಿಹಸಿರು. ಕೇಕಿನಲ್ಲಿ ಕೂರಿಸಿದ ಜಾಗ ಬಿಟ್ಟು ಕದಲದ ಸಂಭಾವಿತರು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹಲ್ಲಿನ ಡಾಕ್ಟರು. ಹೊಸ ಕ್ಲಿನಿಕ್ಕಿನ ಉದ್ಘಾಟನೆಗೆ ಅವರು ಕೇಕ್ ಹೇಳಿದಾಗ ಈ ಸಂಭಾವಿತರನ್ನೇ ತರಿಸುವವರಿದ್ದೆವು. ಆದರೆ ಭಾವ ಎಲ್ಲೋ ಓದಿಬಿಟ್ಟಿದ್ದರು: ಸಣ್ಣ ಕಾಡುಹಣ್ಣಿನಲ್ಲಿ ಸಿಪ್ಪೆಯ ಪಾಲು ಹೆಚ್ಚು, ತಿರುಳಿಗೂ ಬಣ್ಣ ಇಳಿದಿರುತ್ತದೆ, ಆಂಥೋಸಯನಿನ್ ಎಂಬ ಆ ಬಣ್ಣದಲ್ಲೇ ಸತ್ವವಿದೆ, ಆದ್ದರಿಂದ ತಾವೇ ಮೇಲು ಎಂದು.

"ಬಂದವರ ಆರೋಗ್ಯ ನೋಡ್ಬೇಕಲ್ವಾ, ಕಾಡುಹಣ್ಣೇ ಹಾಕಿ," ಎಂದರು.

"ಬಣ್ಣ ಬಿಡುತ್ತೆ ಕಣ್ರೀ," ಎಂದಳು ಅಕ್ಕ.

"ಬಿಡ್ಲಿ ಬಿಡು, ನೈಸರ್ಗಿಕ ಬಣ್ಣ ತಾನೇ!"

ತಾವು ದಯಮಾಡಿಸಿದಿರಿ. ಅಡುಗೆ ಸೋಡಾ ಬೆರೆತ ಹಿಟ್ಟಿನೊಡನೆ ಸೇರಿ ಕೇಕಿನ ಒಳಗನ್ನೆಲ್ಲ ಪಾಚಿಬಣ್ಣ ಮಾಡಿದಿರಿ. ಮೇಲೆ ಸುರಿಯುವ ಪಾಕಕ್ಕೆ ನಿಂಬೆ ಹಿಂಡಿದ್ದೇ ತಡ, ಕೆಂಪೇರಿದಿರಿ. ಸೋಡಾ ಕಂಡರೆ ಹಸಿರು, ಹುಳಿ ಕಂಡರೆ ಕೆಂಪು. ಇಷ್ಟು ಸಲೀಸಾಗಿ ಪಕ್ಷ ಬದಲಿಸುವ ತಮಗೆ ಸಾರ್ವಜನಿಕ ಜೀವನದಲ್ಲಿ ಉಜ್ವಲ ಭವಿಷ್ಯವಿದೆ.

ಪಾಚಿಯನ್ನು ಕ್ರೀಮಿನಡಿ ಮುಚ್ಚಿ ಕಳಿಸಿದೆವು. ಎಲ್ಲರೂ ಚಪ್ಪರಿಸಿ ತಿಂದರು. ಆಮೇಲೆ ಮುಖ್ಯ ಅತಿಥಿಯಾಗಿ ಬಂದಿದ್ದ ಆರೋಗ್ಯಾಧಿಕಾರಿಗಳು ಎದ್ದು, ನೇರಳೆ ನಾಲಿಗೆಯಿಂದ, ಬಾಯಿಯ ಸ್ವಚ್ಛತೆಯ ಬಗ್ಗೆ ಸುದೀರ್ಘವಾಗಿ ಮಾತಾಡಿದರು. ಫೋಟೋದವನು "ಎಲ್ರೂ ಒಂಚೂರು ನಗಿ" ಎಂದಾಗ ಇಡೀ ಸಭೆ ಮಸಿ ಕುಡಿದಂತೆ ನಕ್ಕಿತು. ಭಾವ ಬಾಯಿಗೆ ಕರ್ಚೀಫು ಒತ್ತಿಕೊಂಡೇ ವಂದನಾರ್ಪಣೆ ಮುಗಿಸಿದರು.

"ನಿಮ್ಮ ಬೇಕರಿ ನನ್ನ ಮಾನ ಕಳೀತು," ಎಂದರು ಅಕ್ಕನಿಗೆ.

"ಮಾನ ಬೆಳ್ಳಗೇ ಇದೆ, ಹಲ್ಲು ನೋಡ್ಕೊಳ್ಳಿ," ಎಂದ ಅಕ್ಕ ಒಲೆ ಮುಂದೆ ಕೂತು ಅತ್ತಳು. ಅಷ್ಟು ಆಸೆಯಿಂದ ಮಾಡಿದ ಕೇಕು. ಗಂಡ ಹೆಂಡತಿ ಮಾತು ಬಿಟ್ಟರು. "ಉಪ್ಪು ಕೊಡು" ಎಂಬ ಸಂದೇಶವೂ ನನ್ನ ಮೂಲಕವೇ ಸಾಗತೊಡಗಿತು.

ಈ ಕಾರಣ ತಮ್ಮಲ್ಲಿ ಕೋರಿಕೆ: ಇನ್ನು ಮುಂದೆ ಬಣ್ಣವನ್ನು ತುಟಿ, ಹಲ್ಲು, ನಾಲಿಗೆ ದಾಟುವವರೆಗೆ ಬಿಗಿಹಿಡಿದು, ಹೊಟ್ಟೆ ತಲುಪಿದ ಮೇಲಷ್ಟೇ ಬಿಡುಗಡೆ ಮಾಡಬೇಕು. ಅದಾಗದಿದ್ದರೆ, ಹಲ್ಲು ಕಂಡಲ್ಲಿ ಬಿಳಿಯ ಪಕ್ಷಕ್ಕಾದರೂ ಸೇರಬೇಕು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಬಂದ ಅತಿಥಿಗಳಲ್ಲಿ ಅರ್ಧಕ್ಕರ್ಧ ಮಂದಿ ಮರುದಿನ ಹಲ್ಲು ಉಜ್ಜಿಸಿಕೊಳ್ಳಲು ಕ್ಲಿನಿಕ್ಕಿಗೇ ಬಂದರು. ಕೂರಲು ಕುರ್ಚಿ ಸಾಲಲಿಲ್ಲ. ಆ ಸಂಜೆ ಭಾವ ಬೇಕರಿಯ ಬಾಗಿಲಲ್ಲಿ ನಿಂತು ಬನ್ನು ಕೇಳಿದರು. ಅಕ್ಕ ಹಿಟ್ಟು ನಾದುತ್ತಲೇ ಇದ್ದಳು. "ನಿನ್ನ ಮಾತು ಕೇಳ್ಬೇಕಿತ್ತು ಕಣೇ," ಎಂದ ಮೇಲೆಯೇ ಬನ್ನು ಸಿಕ್ಕಿದ್ದು, ಅದೂ ಬೆಣ್ಣೆ ಸವರಿದ್ದು.

ತಮ್ಮ ಸತ್ವದಲ್ಲಿ ಸಂದೇಹವಿಲ್ಲದ, ಸ್ವಭಾವದಲ್ಲಿ ಮಾತ್ರ ಸಂದೇಹವಿರುವ,
ತಮ್ಮ ವಿಶ್ವಾಸಿ,
ಬೇಕರಿಯ ತಂಗಿ

ತಾ.ಕ.: ಎದುರು ಬೀದಿಯಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರು ಕ್ಲಿನಿಕ್ ತೆರೆಯುತ್ತಿದ್ದಾರಂತೆ. ಅವರಿಗೆ ಶುಭ ಕೋರಿ ಭಾವ ಕೇಕ್ ಕಳಿಸುತ್ತಿದ್ದಾರೆ. ಹಣ್ಣು ಯಾವುದೆಂದು ಕೇಳಿದ್ದಕ್ಕೆ, "ಆರೋಗ್ಯ ಮುಖ್ಯ," ಎಂದಷ್ಟೇ ಹೇಳಿದರು. ಬೇಗ ಹೊರಟು ಬನ್ನಿ.